ಮೊರ ಜೋಳಕ್ಕೆ ಕೊಂಡ ಮಗ

ನನ್ನ ಮಗನ ಹೆಸರು ಚಾವಡಿಯ ಜನನದ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂಬ ಚಿಂತೆ ನನ್ನನ್ನು ಬಿಡಲೊಲ್ಲದು. ಹೋದ ಹದಿನೈದು ದಿನಗಳಲ್ಲಿ ನಮ್ಮವರನ್ನು ಮೂರು ಸಲ ಕಳಿಸಿದೆ. ಮೂರು ಸಲವೂ ನೋಡಿ ಬಂದು, ಹೆಸರು ಇದೆ, ತಂದೆಯ ಹೆಸರು ಇದೆ, ತಾಯಿಯ ಹೆಸರೂ ಇದೆ ಅಂದರು. ಮೂರನೇ ಸಲ ತಲಾಟಿ ನಕ್ಕನಂತೆ. "ಮನಿಯವ್ರಿಗೆ ಹೇಳ್ರಿ ಸಾವಕಾರ್ರ, ಪುಸ್ತಕದಾಗಿನ ಕೂಸು ಎದ್ದು ಅಂಬೆಗಾಲಿಕ್ಕೊಂತ ಹೋಗೂದಿಲ್ಲ" ಅಂದನಂತೆ. ನಗಲಿ. ಶಾಯಿ ಮಸುಕಾಗಿತ್ತೇ, ಮೇಲೆ ಏನಾದರೂ ಚೆಲ್ಲಿತ್ತೇ, ನನ್ನ ಹೆಸರನ್ನು ತಾಯಿ ಎಂದು ಬಿಡಿಸಿ ಬರೆದಿದ್ದರೇ ಎಂದು ನಾನು ಮತ್ತೆ ಕೇಳಿದೆ.

ಧಾರವಾಡದಲ್ಲಿ ಮ್ಯಾಟ್ರಿಕ್ ಪಾಸಾದ ಹೆಣ್ಣುಮಗಳಿಗೆ ಹೀಗೆ ತಲೆ ಕೆಡಬೇಕಾದರೆ ಕಾರಣ ಇರಬೇಕಲ್ಲ. ಕಾರಣ, ನಮ್ಮ ಹಿತ್ತಲ ಗೋಡೆಯ ಆಚೆ ಇರುವ ಖಾತುನಬಿ. ಸರಕಾರದ ದಫ್ತರಿನಲ್ಲಿ ಆಕೆಯ ಬಗ್ಗೆ ಇರುವುದು ಆರೇ ಸಾಲು. ಆ ಆರೂ ಸಾಲು ನನ್ನ ಕೈಬರಹದಲ್ಲಿವೆ. ಆರೂ ಸುಳ್ಳು. ಆಕೆ ಯಾರು, ಹೇಗೆ ಬದುಕಿದಳು ಎಂಬುದನ್ನು ಅದೇ ಕೈ ಒಂದು ಸಲವಾದರೂ ಖರೇ ಬರೆಯಬೇಕಲ್ಲವೇ.

ಖಾತುನಬಿ ನರಗುಂದದವಳು. ಹದಿಮೂರನೇ ವರ್ಷಕ್ಕೆ ಲಗ್ನವಾಗಿ ಚಕ್ಕಡಿಯಲ್ಲಿ ಕೂತು ಗಜೇಂದ್ರಗಡಕ್ಕೆ ಬಂದಳು. ದಾರಿಯಲ್ಲಿ ನಿದ್ದೆ ಹತ್ತಿತ್ತಂತೆ. ಎಚ್ಚರಾಗಿ ಕಣ್ಣು ತೆರೆದರೆ ಎದುರಿಗೆ ಗುಡ್ಡ, ಗುಡ್ಡದ ಮೇಲೆ ಕೋಟೆ. ತವರೂರಿನಲ್ಲೂ ಗುಡ್ಡದ ಮೇಲೆ ಕೋಟೆಯೇ. ಚಕ್ಕಡಿ ಹೊಳ್ಳಿ ತವರಿಗೇ ಬಂತು ಎಂದು ತಿಳಿದು ಆಕೆ ಕೆಳಗೆ ಜಿಗಿದು ಓಡಿದಳಂತೆ, ಗಂಡನ ಕಡೆಯವರು ಹಿಂದೆ ಓಡಿದರಂತೆ. ಈ ಕಥೆಯನ್ನು ಆಕೆ ನನಗೆ ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಓಡಿದ ದೂರ ಒಂದಿಷ್ಟು ಹೆಚ್ಚಾಗಿರುತ್ತಿತ್ತು.

ಗಂಡ ನೂಲಿಗೆ ಬಣ್ಣ ಹಾಕುವವನು. ನಮ್ಮ ಮಾವ ಗುರುಸಂಗಪ್ಪನವರು ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸಿ ಮಾರುವವರು. ಗೋಡೆಯ ಈಚೆ ನಮ್ಮ ನೂಲು, ಆಚೆ ಅವರ ಹಂಡೆಗಳು. ನಡುವೆ ಒಂದು ಸಣ್ಣ ಬಾಗಿಲು, ಅದಕ್ಕೆ ಅಗಳಿ ಇಲ್ಲ. ಗಂಡ ತೀರಿಕೊಂಡ ಮೇಲೆ ಖಾತುನಬಿಯೇ ಹಂಡೆಗಳ ಮುಂದೆ ನಿಂತಳು. ಹಂಡೆಯ ನೀರನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿ, ಸುಣ್ಣ ಹೆಚ್ಚಾಯಿತು ಕಡಿಮೆಯಾಯಿತು ಎಂದು ಹೇಳುತ್ತಿದ್ದಳು. ಮೊಣಕೈವರೆಗೆ ಎರಡೂ ಕೈ ನೀಲಿ. ತಾನು ಸತ್ತಾಗ ಮೈತೊಳೆಯುವವರು ಕೈಗೆ ನೀರು ಹಾಕಬಾರದು, ಹಾಕಿದರೆ ಊರ ಬಾವಿಯೆಲ್ಲ ನೀಲಿಯಾದೀತು ಎಂದು ತನ್ನನ್ನೇ ಹಾಸ್ಯ ಮಾಡಿಕೊಳ್ಳುವಳು.

ಆಕೆಗೆ ಮೊದಲು ಹುಟ್ಟಿದ ಮೂರು ಮಕ್ಕಳು ತಿಂಗಳು ತುಂಬುವುದರೊಳಗೆ ಹೋದವು. ನಾಲ್ಕನೆಯದು ಹುಟ್ಟಿದಾಗ ಈ ಭಾಗದ ಎಲ್ಲ ತಾಯಂದಿರೂ ಮಾಡುವುದನ್ನೇ ಆಕೆಯೂ ಮಾಡಿದಳು. ಹುಟ್ಟಿದ ಗಳಿಗೆಗೆ ಕೂಸನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸಿದರು. ಬೇಕಾಗಿಲ್ಲದ ಕೂಸು ಎಂದು ಸಾವಿಗೆ ತೋರಿಸಬೇಕಲ್ಲ, ಅದಕ್ಕೆ. ಬೇರೆ ಮನೆಯ ಹೆಣ್ಣುಮಗಳು ಬಂದು, ಯಾರದೋ ಏನೋ ಪಾಪ ಎಂದು ಎತ್ತಿಕೊಳ್ಳಬೇಕು. ಹೆತ್ತವಳು ಹೋಗಿ ಆಕೆಯಿಂದ ಮೊರ ಜೋಳ ಕೊಟ್ಟು ಕೊಂಡು ತರಬೇಕು. ಅಂದು ಎತ್ತಿಕೊಂಡವರು ನಮ್ಮ ಅತ್ತೆ ಶೇಖವ್ವ. ಕೂಸು ಉಳಿಯಿತು. ಮುಳಗುಂದದ ದಾವಲಮಲಿಕ್‌ಗೆ ಹರಕೆ ಹೊತ್ತಿದ್ದರಿಂದ ದಾವಲಸಾಬ ಎಂದು ಹೆಸರಿಟ್ಟರು. ಚಾವಡಿಯಲ್ಲಿ ಮಾತ್ರ ಬರೆಸಲಿಲ್ಲ. ಕೊಂಡ ಕೂಸಿನ ಹೆಸರು ಬರೆಸಿದರೆ ಸಾವು ಅದನ್ನು ಓದಿಕೊಂಡು ಬರುತ್ತದೆ ಎಂಬ ನಂಬಿಕೆ. ಮುಂದೆ ಅವನು ಸಾಲಿಗೂ ಹೋಗಲಿಲ್ಲ, ಹಂಡೆಯೇ ಅವನ ಸಾಲಿ. ಹಾಗಾಗಿ ಅವನು ಯಾರ ಮಗ ಎಂದು ಹೇಳುವ ಒಂದು ತುಂಡು ಕಾಗದವೂ ಈ ಲೋಕದಲ್ಲಿ ಇರಲಿಲ್ಲ.

ನಾನು ಮದುವೆಯಾಗಿ ಬಂದಾಗ ದಾವಲಸಾಬ ಊರಲ್ಲಿರಲಿಲ್ಲ. ಆದರೆ ಅತ್ತೆಯೂ ಖಾತುನಬಿಯೂ ಅವನ ಮೇಲೆ ದಿನಾ ಜಗಳ ತೆಗೆಯುತ್ತಿದ್ದರು. ನನ್ನ ಮಗನಿಗೆ ನೀ ಕೊಟ್ಟದ್ದು ಹುಳ ಹಿಡಿದ ಜೋಳ, ಹೊಳ್ಳಿ ಒಯ್ಯಿ, ಮಗನನ್ನು ತಾ ಎಂದು ಅತ್ತೆ ಅನ್ನುವರು. ಇಪ್ಪತ್ತು ವರ್ಷ ಅವನ ಹೊಟ್ಟೆಗೆ ಹಾಕಿದ ರೊಟ್ಟಿ ಎಣಿಸಿ ಕೊಡು, ಆಮೇಲೆ ಮಾತು ಎಂದು ಈಕೆ. ಅವನೋ, ಪತ್ರ ಬರೆಸುವಾಗ ಇಬ್ಬರಿಗೂ ಸಲಾಮು ಹೇಳುವನು. ಅತ್ತೆಗೆ ಅವನು ಇಟ್ಟ ಹೆಸರು ಎತ್ತಿದವ್ವ.

ಪತ್ರ ಬರುತ್ತಿದ್ದುದು ಕರಾಚಿಯಿಂದ. ಅವನನ್ನು ಅಲ್ಲಿಗೆ ಕಳಿಸಿದವರು ನಮ್ಮ ಮಾವನವರೇ. ನಮ್ಮ ಸೀರೆಯ ಕೆಂಪು ಸೆರಗು ಮೊದಲ ಒಗತಕ್ಕೇ ಬಿಳಿ ಅಂಚಿಗೆ ಇಳಿಯುತ್ತಿತ್ತು. ಕರಾಚಿಯ ಒಂದು ಗಿರಣಿಯಲ್ಲಿ ಖಾತುನಬಿಯ ತವರಿನ ದೂರದ ಸಂಬಂಧಿಯೊಬ್ಬ ಬಣ್ಣದ ಮಿಸ್ತ್ರಿ. ಆರು ತಿಂಗಳು ಅವನ ಕೈಕೆಳಗಿದ್ದು ಬಿಡದ ಬಣ್ಣ ಹಾಕುವುದನ್ನು ಕಲಿತು ಬಾ ಎಂದು ಮಾವನವರು ನಲವತ್ತೆಂಟರ ಆರಂಭದಲ್ಲಿ ಹಡಗಿನ ಚೀಟಿ ತೆಗೆಸಿಕೊಟ್ಟರು. ದೇಶ ಎರಡಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಎರಡಾದ ದೇಶದ ನಡುವೆ ಬಾಗಿಲು ಹಾಕುತ್ತಾರೆ ಎಂದು ನಮ್ಮ ಪೇಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆರು ತಿಂಗಳು ಮುಗಿಯುವ ಹೊತ್ತಿಗೆ ಪರವಾನಿಗೆ ಬೇಕು ಎಂದರು. ಪರವಾನಿಗೆ ಸಿಗಲಿಲ್ಲ. ಮುಂದೆ ಪಾಸ್‌ಪೋರ್ಟು ಬೇಕು ಎಂದರು.

ಐವತ್ತೊಂದರಲ್ಲಿ ಖಾತುನಬಿಗೆ ಒಂದು ನೋಟೀಸು ಬಂತು. ಪಾಕಿಸ್ತಾನಕ್ಕೆ ಹೋದವರ ಆಸ್ತಿ ಸರಕಾರದ ವಶಕ್ಕೆ ಬರತಕ್ಕದ್ದು. ತಂದೆಯ ಮನೆಯಲ್ಲಿ ದಾವಲಸಾಬನ ಪಾಲು ಎಷ್ಟು ಎಂದು ಹೇಳಿಕೆ ಕೊಡಬೇಕು. ಅವರ ಕಾಯಿದೆಯ ಪ್ರಕಾರ ರೂಪಾಯಿಯಲ್ಲಿ ಎರಡಾಣೆ ಹೆಂಡತಿಗೆ, ಹದಿನಾಲ್ಕಾಣೆ ಮಗನಿಗೆ. ಅಂದರೆ ಆಕೆಗೆ ಉಳಿಯುವುದು ಪಡಸಾಲೆಯ ಒಂದು ಮೂಲೆ. ಹಂಡೆಗಳು ನಿಂತ ಜಾಗ ಹೋದರೆ ನಮ್ಮ ವ್ಯಾಪಾರವೂ ನಿಲ್ಲುವುದು. ಮಾವನವರು ರೋಣದ ಅಂದಾನೆಪ್ಪ ವಕೀಲರನ್ನು ಕರೆಸಿದರು.

ಅಂದಾನೆಪ್ಪ ವಕೀಲರು ಒಳ್ಳೆಯವರು. ಇದನ್ನು ನಾನು ಈಗಲೂ ಹೇಳುತ್ತೇನೆ. ರವಿವಾರ ರಜೆಯ ದಿನ ಬಸ್ಸಿನಲ್ಲಿ ಕೂತು ಬಂದರು. ನಮ್ಮ ಪಡಸಾಲೆಯಲ್ಲಿ ಕಾಲು ಮಡಚಿ ಕೂತು ಅಡಕೆ ಕತ್ತರಿಸುತ್ತಾ ಎಲ್ಲವನ್ನೂ ಕೇಳಿಕೊಂಡರು. ಕಂಬದ ಮರೆಯಲ್ಲಿ ಖಾತುನಬಿ ನೀಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ವಕೀಲರು, ಮನೆಯನ್ನು ನಿನ್ನ ಗಂಡ ನಿನಗೆ ಮೆಹರಿನಲ್ಲಿ ಬರೆದುಕೊಟ್ಟಿದ್ದನೇ ಎಂದು ಕೇಳಿದರು. ಇಲ್ಲ. ಮಗ ಹಕ್ಕು ಬಿಟ್ಟ ಪತ್ರ ಏನಾದರೂ ಇದೆಯೇ. ಇಲ್ಲ. ಕೊನೆಗೆ ಬೇಸತ್ತು, ಹೋಗಲಿ, ಅವನು ನಿನ್ನ ಹೊಟ್ಟೆಯ ಮಗ ಎನ್ನುವುದಕ್ಕಾದರೂ ದಾಖಲೆ ಇದೆಯೇ ಅಂದರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು. "ಎಲ್ಲಿ ಹೊಟ್ಟಿ ಮಗಾರಿ ವಕೀಲ್ರ. ತಿಪ್ಪಿ ಮ್ಯಾಗಿಂದ ಎತ್ತಿದಾಕಿ ನಾನು. ಮೊರ ಜೋಳ ಕೊಟ್ಟು ನನ್ನ ಕಡಿಂದ ಕೊಂಡಾಳ. ಬೇಕಾದ್ರ ಓಣಿಯವ್ರನ್ನ ಕೇಳ್ರಿ."

ಎಲ್ಲರೂ ನಕ್ಕರು. ಖಾತುನಬಿಯೂ ನಕ್ಕಳು. ವಕೀಲರು ನಗಲಿಲ್ಲ. ಅಡಕೊತ್ತು ಕೆಳಗಿಟ್ಟರು. ಆಮೇಲೆ, ಅವರ ಕಾಯಿದೆಯಲ್ಲಿ ಸಾಕಿದ ಮಗನಿಗೆ ಪಾಲು ಇಲ್ಲ, ಪಾಲೇ ಇಲ್ಲದವನು ದೇಶ ಬಿಟ್ಟರೆ ಸರಕಾರಕ್ಕೆ ಹೋಗುವುದೇನೂ ಇಲ್ಲ ಎಂದು ಮೆಲ್ಲಗೆ ವಿವರಿಸಿದರು. ತಿಪ್ಪೆಯ ಮೇಲೆ ಸಿಕ್ಕ ಕೂಸು ಎಂದು ಬರೆಯೋಣ. ಸುಳ್ಳಲ್ಲವಲ್ಲ, ಓಣಿಗೆಲ್ಲ ಗೊತ್ತಿರುವ ಮಾತು.

ಖಾತುನಬಿ ಕೇಳಿದಳು. "ಹಂಗ ಬರದರ ಏನಾಗತೈತ್ರಿ ವಕೀಲ್ ಸಾಹೇಬ್ರ?"

"ಮನಿ ಉಳೀತೈತಿ."

"ಮನಿ ಉಳದ್ರ ಅಂವ ಬಂದಾಗ ಇರಾಕ ಜಾಗಾ ಆಗತೈತಿ. ಬರೀರಿ ಹಂಗಾರ. ಆವತ್ತ ಸಾವಿನ ಕಣ್ಣ ತಪ್ಪಿಸಿದ್ದೆ, ಇವತ್ತ ಸರಕಾರದ್ದು."

ವಕೀಲರ ಕಾರಕೂನನಿಗೆ ಜ್ವರ, ಬಂದಿರಲಿಲ್ಲ. ಮಾವನವರು ಹೆಮ್ಮೆಯಿಂದ, ನಮ್ಮ ಸಣ್ಣ ಸೊಸೆ ಗೌರವ್ವ ಮ್ಯಾಟ್ರಿಕ್ ಪಾಸು, ಅಕ್ಷರ ಮುತ್ತು ಪೋಣಿಸಿದಂತೆ ಅಂದರು. ಮದುವೆಯಾಗಿ ಎಂಟು ತಿಂಗಳು. ಆ ಮನೆಯಲ್ಲಿ ನನ್ನ ಓದನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ವಕೀಲರು ಹೇಳುತ್ತಾ ಹೋದರು, ನಾನು ಸ್ಟಾಂಪಿನ ಕಾಗದದ ಮೇಲೆ ಬರೆಯುತ್ತಾ ಹೋದೆ. ದಾವಲಸಾಬ ಎಂಬವನು ನನ್ನ ಗರ್ಭದಲ್ಲಿ ಜನಿಸಿದವನಲ್ಲ. ತಿಪ್ಪೆಯಲ್ಲಿ ದೊರೆತ ಅನಾಥ ಕೂಸು. ಅವನ ತಂದೆತಾಯಿ ಯಾರೆಂದು ನನಗೆ ತಿಳಿಯದು. ನನಗೂ ಅವನಿಗೂ ರಕ್ತಸಂಬಂಧವಿಲ್ಲ. ಒಂದು ಕಡೆಯೂ ಚಿತ್ತುಕಾಟು ಬೀಳಲಿಲ್ಲ. ಖಾತುನಬಿಯ ಹೆಬ್ಬೆಟ್ಟು, ಮಾವನವರ ಸಾಕ್ಷಿ ಸಹಿ, ಕೆಳಗೆ ಬರೆದವಳೆಂದು ನನ್ನ ಹೆಸರು. ಹೆಬ್ಬೆಟ್ಟಿಗೆ ಶಾಯಿ ಬೇಕಾಗಲಿಕ್ಕಿಲ್ಲ, ಕೈಯೇ ನೀಲಿ ಐತಿ ಎಂದು ಅತ್ತೆ ಮತ್ತೆ ನಗಿಸಿದರು. ಅಂದು ಮಧ್ಯಾಹ್ನ ಊಟಕ್ಕೆ ಹೋಳಿಗೆ ಮಾಡಿದ್ದೆವು.

ಮನೆ ಉಳಿಯಿತು. ಅದೇ ವಕೀಲರು ಮುಂದೆ ಖಾತುನಬಿಗೂ ಮಾವನವರಿಗೂ ಪಾಲುದಾರಿಕೆಯ ಪತ್ರ ಮಾಡಿಕೊಟ್ಟರು. ಮನೆ ಮತ್ತು ಹಂಡೆ ಆಕೆಯದು, ನೂಲು ಮತ್ತು ಪೇಟೆ ನಮ್ಮದು.

ಐವತ್ತಮೂರರಲ್ಲಿ ನನ್ನ ಮೊದಲ ಕೂಸು ಹನ್ನೊಂದನೇ ದಿನಕ್ಕೆ ಹೋಯಿತು. ಐವತ್ತಾರರಲ್ಲಿ ಎರಡನೆಯವನು ಹುಟ್ಟಿದಾಗ ಅತ್ತೆ ನನ್ನನ್ನು ಒಂದು ಮಾತೂ ಕೇಳದೆ ಅವನನ್ನು ತಿಪ್ಪೆಗೆ ಒಯ್ದರು. ಧಾರವಾಡದ ಓದು ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಎತ್ತಿಕೊಂಡವಳು ಖಾತುನಬಿ. ಮೊರ ಜೋಳಕ್ಕೆ ಆಕೆ ಒಪ್ಪಲೊಲ್ಲಳು, ಈ ಕೂಸು ಬೆಳ್ಳಗೈತಿ, ಎರಡು ಮೊರ ಆಗತೈತಿ ಎಂದು ಬಾಗಿಲಲ್ಲಿ ಚೌಕಾಸಿಗೆ ನಿಂತಳು. ಬಾಣಂತಿಯ ಕೋಣೆಯಲ್ಲಿ ಮಲಗಿ ನಾನು ಅಳುತ್ತಲೂ ನಗುತ್ತಲೂ ಇದ್ದೆ. ಅವನ ಹೆಸರನ್ನೂ ಬರೆಸಬಾರದೆಂದು ಅತ್ತೆಯ ಅಪ್ಪಣೆಯಾಯಿತು. ಒಂದೂವರೆ ವರ್ಷದ ಮೇಲೆ, ಮೊನ್ನೆ ಮೊನ್ನೆ, ಅತ್ತೆಗೆ ತಿಳಿಯದಂತೆ ಬರೆಸಿದ್ದು.

ಹೋದ ವರ್ಷ ದಾವಲಸಾಬ ಬಂದ. ಬಸ್ಸಿನಿಂದ ಇಳಿದವನು ಬಣ್ಣಗಾರರ ಓಣಿಗೆ ಹೋಗದೆ ನಮ್ಮ ಅಂಗಡಿಯ ಮುಂದೆ ನಿಂತು, ಬಿಡದ ಬಣ್ಣ ಕಲಿತು ಬಂದೇನ್ರಿ ಸಾವಕಾರ್ರ, ಒಂದಿಷ್ಟು ತಡಾ ಆತು ಅಂದನಂತೆ. ಒಂಬತ್ತು ವರ್ಷ. ತಲೆಯಲ್ಲಿ ನರೆ ಬಂದಿತ್ತು. ಕರಾಚಿಯಲ್ಲಿ ಲಗ್ನವಾಗಿಲ್ಲ, ಮನೆ ಮಾಡಿಲ್ಲ, ಗಿರಣಿಯ ಚಾಳಿನಲ್ಲೇ ಇದ್ದ. ಬರಲು ಬೇರೆ ದಾರಿ ಇಲ್ಲದೆ ಆ ದೇಶದ ಪಾಸ್‌ಪೋರ್ಟು ಮಾಡಿಸಿಕೊಂಡು, ಮೂರು ತಿಂಗಳ ವೀಸಾ ಹಚ್ಚಿಸಿಕೊಂಡು ಬಂದಿದ್ದ. ಖಾತುನಬಿಗೆ ಆಗಲೇ ಕಣ್ಣು ಮಂದವಾಗಿತ್ತು. ಮಗನ ಮುಖವನ್ನು ನೋಡುವ ಬದಲು ಕೈ ಹಿಡಿದು ಮೂಸಿ ನೋಡಿದಳು. ನೀಲಿಯ ವಾಸನೆ ಇಲ್ಲ, ಇದು ಯಾರ ಕೈ ಎಂದು ರೇಗಿಸಿದಳು. ಮರುದಿನವೇ ಅವನು ಹಂಡೆಗೆ ಇಳಿದ. ಅವನು ಹಾಕಿದ ಕೆಂಪು ಎಷ್ಟು ಒಗೆದರೂ ಬಿಡಲಿಲ್ಲ.

ಮೂರು ತಿಂಗಳಾಯಿತು. ಇನ್ನೊಂದು ಮೂರು ತಿಂಗಳು ಕೊಟ್ಟರು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಿ ಬರುತ್ತಿದ್ದ. ಅಂದಾನೆಪ್ಪ ವಕೀಲರು ಅರ್ಜಿ ಬರೆದರು. ಈತ ಇಲ್ಲಿಯೇ ಹುಟ್ಟಿದವನು, ಕೆಲಸ ಕಲಿಯಲು ಹೋದವನೇ ಹೊರತು ನೆಲೆಸಲು ಹೋದವನಲ್ಲ, ಕಣ್ಣು ಕಾಣದ ವಿಧವೆ ತಾಯಿಗೆ ಒಬ್ಬನೇ ಮಗ, ಇಲ್ಲಿಯೇ ಕಾಯಂ ಇರಲು ಅಪ್ಪಣೆಯಾಗಬೇಕು. ಅದನ್ನು ಟೈಪು ಮಾಡಿಸಿದ್ದರು. ಹಳೆಯ ಕಾಗದ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಮನೆಯ ಕಾಗದ ಬೇರೆ, ಮನುಷ್ಯನ ಕಾಗದ ಬೇರೆ ಎಂದು ತಿಳಿದಿದ್ದೆವೋ ಏನೋ. ನನಗೆ ಮಾತ್ರ ಅರ್ಜಿ ಹೋದ ಮೂರನೇ ದಿನ ನೆನಪಾಯಿತು, ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ. ನಮ್ಮವರಿಗೆ ಹೇಳಿದೆ. ಆರು ವರ್ಷದ ಹಿಂದಿನದು, ಅಷ್ಟು ದಫ್ತರ ಯಾರು ಬಿಚ್ಚುತ್ತಾರೆ ಅಂದರು.

ಬಿಚ್ಚಿದರು. ಈ ವರ್ಷ ಯುಗಾದಿ ಮುಗಿದ ವಾರಕ್ಕೆ ರೋಣದಿಂದ ವಕೀಲರ ಚೀಟಿ ಬಂತು. ಕೂಸನ್ನು ದವಾಖಾನೆಗೆ ತೋರಿಸಬೇಕು ಎಂದು ನೆಪ ಹೇಳಿ ನಾನೂ ಖಾತುನಬಿಯ ಜೊತೆ ಬಸ್ಸು ಹತ್ತಿದೆ. ರಾಜೂರ ದಾಟುವವರೆಗೆ ಆಕೆ ಒಂದೇ ಸವನೆ ಮಾತಾಡಿದಳು. ಮಗನಿಗೆ ಹೆಣ್ಣು ನೋಡಬೇಕು, ಸವಡಿಯಲ್ಲಿ ಒಂದು ಮನೆ ಇದೆಯಂತೆ. ಆಮೇಲೆ ನನ್ನ ಮುಖ ಕಾಣದಿದ್ದರೂ ಏನೋ ತಿಳಿದವಳಂತೆ ಕೈ ಚಾಚಿ ಕೂಸಿನ ಕಾಲು ಹಿಡಿದು ಕೂತಳು.

ವಕೀಲರು ಕಾಗದವನ್ನು ಓದಿ ಕನ್ನಡದಲ್ಲಿ ಹೇಳಿದರು. ಅರ್ಜಿದಾರನು ತನ್ನ ತಾಯಿ ಎಂದು ಹೇಳುವ ಹೆಂಗಸೇ ಐವತ್ತೊಂದರಲ್ಲಿ ಇವನು ತನ್ನ ಮಗನಲ್ಲ ಎಂದು ಪ್ರಮಾಣ ಮಾಡಿದ್ದಾಳೆ. ಇವನು ಇಲ್ಲಿ ಹುಟ್ಟಿದ್ದಕ್ಕೂ ದಾಖಲೆ ಇಲ್ಲ. ಇವನು ಪಾಕಿಸ್ತಾನದ ಪಾಸ್‌ಪೋರ್ಟು ಹೊಂದಿದ ಪರಕೀಯ. ಹದಿನೈದು ದಿನಗಳೊಳಗೆ ದೇಶ ಬಿಡಬೇಕು.

ಖಾತುನಬಿ, ಆವತ್ತು ಶೇಖಕ್ಕ ಹಾಸ್ಯ ಮಾಡಿದ್ದು ಎಂದು ಈಗ ಹೇಳೋಣ ಅಂದಳು. ಮನೆ ಒಯ್ಯಲಿ, ಹಂಡೆ ಒಯ್ಯಲಿ, ನನಗೆ ಬೇಡ. ವಕೀಲರು ಅಡಕೊತ್ತು ಮುಟ್ಟಲಿಲ್ಲ. ಈಗ ಮಗ ಅಂದರೆ ಆವತ್ತಿನ ಪ್ರಮಾಣ ಸುಳ್ಳಾಗುತ್ತದೆ, ಸುಳ್ಳು ಪ್ರಮಾಣಕ್ಕೆ ಶಿಕ್ಷೆ ಇದೆ, ಮನೆ ಹೋಗುತ್ತದೆ, ಮನೆಯ ಜೊತೆ ಸಾವಕಾರರ ವ್ಯಾಪಾರವೂ ಹೋಗುತ್ತದೆ, ಹೇಳಿ ಬರೆಸಿದ ತಮ್ಮ ವಕೀಲಿಯ ಸನದೂ ಹೋಗಬಹುದು ಎಂದು ಒಂದೊಂದೇ ಹೇಳಿದರು. ಮುಚ್ಚಿಡಲಿಲ್ಲ. ಅಷ್ಟೆಲ್ಲ ಹೋದರೂ ಅವನು ಉಳಿದಾನೆಂಬ ಭರವಸೆ ಇಲ್ಲ. ನಿನ್ನೊಬ್ಬಳ ಮಾತನ್ನು ಈಗ ಯಾರೂ ನಂಬರು. ಎತ್ತಿಕೊಂಡ ಶೇಖವ್ವನವರು ಹೇಳಬೇಕು, ಕರಾಚಿಗೆ ಕಳಿಸಿದ ಗುರುಸಂಗಪ್ಪನವರು ಹೇಳಬೇಕು, ಇಲ್ಲವೇ ಆ ಕಾಗದ ಬರೆದವರು ಹೇಳಬೇಕು. ಸೂಲಗಿತ್ತಿ ಸತ್ತು ಹತ್ತು ವರ್ಷವಾಗಿತ್ತು.

"ಬರದವರಿಗೆ ಏನಾಗತೈತ್ರಿ?" ನಾನು ಕೇಳಿದೆ. ತೊಡೆಯ ಮೇಲೆ ಕೂಸು ನಿದ್ದೆ ಮಾಡಿತ್ತು.

"ಏನೂ ಆಗೂದಿಲ್ಲ ಅಂತ ನಾ ಹ್ಯಾಂಗ ಹೇಳಲಿ, ತಂಗಿ" ಅಂದರು.

ಖಾತುನಬಿ ನನ್ನ ಕಡೆ ತಿರುಗಲಿಲ್ಲ. ಬಸ್ಸಿನಲ್ಲೂ ಕೇಳಲಿಲ್ಲ. ನೀ ಬರೆದಿದ್ದೆಯಲ್ಲ, ನೀ ಹೇಳು ಎಂದು ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬದಲಿಗೆ ಕೂಸಿಗೆ ಗಾಳಿ ಬಡಿಯುತ್ತದೆ ಎಂದು ತನ್ನ ಸೆರಗು ಕೊಟ್ಟಳು.

ಮಾವನವರಿಗೆ ಈಚೆಗೆ ಎದೆನೋವು. ಅದಕ್ಕೆ ಆ ತಿಂಗಳೇ ಮೃತ್ಯುಪತ್ರ ಬರೆಸುವ ಸಿದ್ಧತೆ ನಡೆದಿತ್ತು. ಹೊಸ ಕಾಯಿದೆ ಬಂದಿದೆ, ಬರೆಯದೆ ಹೋದರೆ ಹೆಣ್ಣುಮಕ್ಕಳಿಗೂ ಪಾಲು ಹಂಚಬೇಕಾದೀತು ಎಂಬ ಗಾಬರಿ ಬೇರೆ. ನಮ್ಮವರು ಧೈರ್ಯ ಮಾಡಿ ದಾವಲಸಾಬನ ವಿಷಯ ತೆಗೆದರು. ಮಾವನವರು ಕೂಗಾಡಲಿಲ್ಲ. ಅವನನ್ನು ತಾನೇ ಕಳಿಸಿದ್ದು ಹೌದು, ಆ ಋಣ ಮನಸ್ಸಿನಲ್ಲಿದೆ ಅಂದರು. ಆದರೆ ನಲವತ್ತು ವರ್ಷ ಕಟ್ಟಿದ್ದನ್ನು ಕೋರ್ಟಿನಲ್ಲಿ ಒಂದು ಮಾತಿಗೆ ಕೆಡವಲಾರೆ. ಈ ಮನೆಯ ಹೆಂಗಸರು ಸಾಕ್ಷಿಯ ಕಟ್ಟೆ ಹತ್ತಿಲ್ಲ. ಯಾರು ಹತ್ತುತ್ತಾರೋ ಅವರ ಗಂಡನಿಗಾಗಲಿ ಮಕ್ಕಳಿಗಾಗಲಿ ಈ ಆಸ್ತಿಯಲ್ಲಿ ಏನೂ ಇಲ್ಲ ಎಂದು ಬರೆಸುತ್ತೇನೆ. ಅತ್ತೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಅವತ್ತಿನಿಂದ ಅವರು ಗೋಡೆಯ ಬಾಗಿಲು ದಾಟಿ ಆಚೆ ಹೋಗಲಿಲ್ಲ. ಹೋಗಿ ಏನು ಹಾಸ್ಯ ಮಾಡಬೇಕು.

ನಾನು ಧಾರವಾಡಕ್ಕೆ, ನನ್ನ ಅಪ್ಪನಿಗೆ ಗುಟ್ಟಾಗಿ ಪತ್ರ ಬರೆದೆ. ಅಪ್ಪ ಸಾಲಿಮಾಸ್ತರರು. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ವಕೀಲರಿದ್ದಾರೆ, ಅವರನ್ನು ಕೇಳಿ ಉತ್ತರ ಕಳಿಸಿದರು. ದಾರಿ ಒಂದಿದೆ. ಬೆಂಗಳೂರಿನ ದೊಡ್ಡ ಕೋರ್ಟಿಗೆ ಹೋಗಿ ಆ ಹುಕುಮನ್ನು ಸದ್ಯಕ್ಕೆ ತಡೆಯಬಹುದು. ಅದಕ್ಕೆ ಆ ಕಾಗದ ಸುಳ್ಳು, ಯಾಕೆ ಹಾಗೆ ಬರೆಯಲಾಯಿತು ಎಂದು ಹೇಳುವ ಒಬ್ಬರು ಬೇಕು. ಗುರುವಾರದೊಳಗೆ ಫೋನು ಮಾಡಿದರೆ ಆ ವಕೀಲರು ರಾತ್ರಿಯ ರೈಲಿಗೆ ಹೊರಡುತ್ತಾರಂತೆ, ಟಪಾಲು ಕಾಯಲು ಹೊತ್ತಿಲ್ಲ. ಕೆಳಗೆ ಅವರ ನಂಬರು.

ಪತ್ರ ಬಂದದ್ದು ಸೋಮವಾರ. ನಾನು ಅದನ್ನು ತೊಟ್ಟಿಲಿನ ಕೌದಿಯ ಕೆಳಗೆ ಇಟ್ಟೆ. ಸೋಮವಾರ ಕೂಸಿಗೆ ಮೈ ಬೆಚ್ಚಗಿತ್ತು, ಹೋಗಲಿಲ್ಲ. ಮಂಗಳವಾರ ಅಂಚೆ ಕಚೇರಿಯ ಮುಂದಿನವರೆಗೂ ಹೋದೆ. ಒಳಗೆ ಮಾವನವರ ಗೆಳೆಯರೊಬ್ಬರು ಮನಿಯಾರ್ಡರು ಬರೆಯುತ್ತ ಕೂತಿದ್ದರು, ಹೊಳ್ಳಿ ಬಂದೆ. ಬುಧವಾರ ನನ್ನನ್ನು ಹಿಡಿದೊಯ್ದರೆ ಮೊಲೆ ಬಿಡದ ಕೂಸು ಏನು ಮಾಡೀತು ಎಂದು ಇಡೀ ದಿನ ಲೆಕ್ಕ ಹಾಕಿದೆ. ಆಕಳ ಹಾಲು ಇದಕ್ಕೆ ಪಚನವಾಗುವುದಿಲ್ಲ. ನನ್ನಿಂದ ನಮ್ಮವರ ಪಾಲು ಹೋದರೆ ಅವರು ಜೀವಮಾನವಿಡೀ ಏನೂ ಅನ್ನದೆ ನನ್ನನ್ನು ನೋಡುತ್ತಾರೆ ಎಂದು ಹೆದರಿದೆ. ಗೋಡೆಯ ಆಚೆ ದಾವಲಸಾಬ ನೂಲು ಹಿಂಡುವ ಸಪ್ಪಳ ಕೇಳುತ್ತಲೇ ಇತ್ತು. ಹದಿನೈದು ದಿನಗಳಲ್ಲಿ ಆಗುವಷ್ಟು ಬಣ್ಣ ಹಾಕಿಟ್ಟು ಹೋಗುತ್ತೇನೆ, ಅವ್ವನಿಗೆ ಆರು ತಿಂಗಳು ನಡೆಯುತ್ತದೆ ಅಂದಿದ್ದನಂತೆ.

ಗುರುವಾರ ಮುಂಜಾನೆ ನಾನು ಸೀರೆ ಬದಲಿಸಿ ಹೊರಡಬೇಕು ಎನ್ನುವಷ್ಟರಲ್ಲಿ ಓಣಿಯಲ್ಲಿ ಇಬ್ಬರು ಪೋಲೀಸರು ಬಂದರು. ಹದಿನೈದು ದಿನ ಮುಗಿಯಬೇಕಾದದ್ದು ಶನಿವಾರ ಎಂದು ನಾವು ಎಣಿಸಿದ್ದೆವು. ಹುಕುಮಿನ ತಾರೀಖಿನಿಂದ ಎಣಿಸಬೇಕಂತೆ, ನಮಗೆ ಮುಟ್ಟಿದ ದಿನದಿಂದ ಅಲ್ಲ. ಬಸ್ಸಿನಲ್ಲಿ ಗದಗಕ್ಕೆ, ಅಲ್ಲಿಂದ ರೈಲಿನಲ್ಲಿ ಮುಂಬಯಿಗೆ, ಅಲ್ಲಿಂದ ಹಡಗು. ದಾವಲಸಾಬ ತೋಯ್ದ ಕೈ ಒರೆಸಿಕೊಂಡು ಅಂಗಿ ಹಾಕಿಕೊಂಡ. ಪೋಲೀಸರಲ್ಲಿ ಹಿರಿಯವನು ಪಾಪ, ಚಹಾ ಕುಡಿದು ಹೋಗೋಣ, ಬಸ್ಸಿಗೆ ಹೊತ್ತಿದೆ ಅಂದ. ಖಾತುನಬಿ ಚಹಾ ಮಾಡಲಿಲ್ಲ. ಮಗನ ಮೊಣಕೈ ಹಿಡಿದುಕೊಂಡು ಪೋಲೀಸನಿಗೆ ಹೇಳಿದಳು.

"ಒಂಬತ್ತು ತಿಂಗಳ ಹೊತ್ತೇನ್ರಿ ಸಾಹೇಬ್ರ. ಎಲ್ಲಿ ಬೇಕಾದಲ್ಲಿ ನೋಡ್ರಿ ನನ್ನ."

ನಾನು ನಮ್ಮ ಬಾಗಿಲಲ್ಲಿದ್ದೆ. ದಾವಲಸಾಬ ಹೋಗುವಾಗ ನಮ್ಮ ಮನೆಯ ಮುಂದೆ ನಿಂತು, ಎತ್ತಿದವ್ವಾ, ಬರ್ತೇನಿ ಅಂದ. ಒಳಗಿನಿಂದ ಅತ್ತೆಯ ದನಿ ಬರಲಿಲ್ಲ. ಅಡಿಗೆಮನೆಗೆ ಹೋಗಿ ನೋಡಿದರೆ ಅತ್ತೆ ಜೋಳದ ಹಗೇವಿನ ಹತ್ತಿರ ಗೋಡೆಗೆ ಮುಖ ಮಾಡಿ ಕೂತಿದ್ದರು, ಬಾಯಿಗೆ ಸೆರಗು ತುರುಕಿಕೊಂಡು.

ಇಡೀ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಮಾವನವರು ಚುರುಮರಿ ತಿಂದು ಮಲಗಿದರು. ನಾನು ಸಂಜೆ ಗೋಡೆಯ ಬಾಗಿಲಿನಿಂದ ಆಚೆ ಹೋದೆ. ಖಾತುನಬಿ ಹಂಡೆಯ ಪಕ್ಕ ಕೂತು ಮಗ ಹಾಕಿಟ್ಟ ಕೆಂಪು ನೂಲಿನ ಲಡಿಗಳನ್ನು ಕೈಯಿಂದ ತಡವಿ ಎಣಿಸುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ.

"ಗೌರವ್ವ, ನಿನ್ನ ಮಗನ ಹೆಸರು ಬರಿಸೀಯಿಲ್ಲವ್ವ?"

ಬರೆಸಿದ್ದೇನೆ ಅಂದೆ.

"ನಾ ಎತ್ತೀನಿ ಅಂತ ಎಲ್ಲೂ ಬರಸಬ್ಯಾಡ" ಅಂದಳು.

ಶುಕ್ರವಾರ ಮುಂಜಾನೆ ಮಾವನವರು ಅಂಗಡಿಗೆ ಹೋದ ಮೇಲೆ ನಾನು ಕೌದಿಯ ಕೆಳಗಿನ ಪತ್ರ ತೆಗೆದೆ. ಹೊಳ್ಳಿ ನೋಡಿದರೆ ಅತ್ತೆ ನಿಂತಿದ್ದರು. ಅವರಿಗೆ ಓದಲು ಬಾರದು, ಆದರೆ ಏನು ತಿಳಿಯಬೇಕೋ ತಿಳಿದಿತ್ತು. ನನ್ನ ಸೊಂಟದಿಂದ ಕೂಸನ್ನು ಎತ್ತಿಕೊಂಡು, ಪೇಟೆಯ ದಾರಿ ಬೇಡ, ಹಿತ್ತಲಿನಿಂದ ಹೋಗು, ಅಳತೊಡಗಿದರೆ ನಾನು ಸಂಬಾಳಿಸುತ್ತೇನೆ ಅಂದರು.

ನಮ್ಮ ಅಂಚೆ ಕಚೇರಿಗೆ ಟೆಲಿಫೋನು ಬಂದು ವರ್ಷವೂ ಆಗಿಲ್ಲ. ಪೋಸ್ಟಮಾಸ್ತರರು ಧಾರವಾಡದ ನಂಬರು ಬರೆದುಕೊಂಡು, ಗದಗಿನವರು ಜೋಡಿಸಬೇಕು, ಕೂಡ್ರಿ ಅಂದರು. ಒಂದು ತಾಸು ಕೂತೆ. ಎದೆಯಲ್ಲಿ ಹಾಲು ತುಂಬಿ ಕುಬಸ ತೋಯ್ದಿತು. ಎರಡು ಸಲ ಎದ್ದು ಹೋಗಿಬಿಡಬೇಕೆನಿಸಿತು. ಟಪಾಲು ಒಯ್ಯಲು ಬಂದವರೆಲ್ಲ ನನ್ನನ್ನು ನೋಡಿ ಹೋದರು, ಸಂಜೆಯೊಳಗೆ ಮಾವನವರಿಗೆ ಮುಟ್ಟುತ್ತದೆ. ಆಮೇಲೆ ಗಂಟೆ ಬಾರಿಸಿತು. ಕಿವಿಗೆ ಹಚ್ಚಿಕೊಂಡರೆ ದೂರದಲ್ಲಿ ಯಾರೋ ಕೆಮ್ಮಿದಂತೆ, ಆಮೇಲೆ ವಕೀಲರ ದನಿ. ನಾನು ಯಾರ ಮಗಳು ಎಂದು ಹೇಳಿದೆ. ಅವರು ಮೊದಲು ಕೇಳಿದ್ದು, ಈಗ ಅವನು ಎಲ್ಲಿದ್ದಾನೆ ಎಂದು. ನಿನ್ನೆ ಒಯ್ದರು ಅಂದೆ.

"ಮೊನ್ನೆ ಮಾಡಿದ್ರ ಒಂದು ದಾರಿ ಇತ್ತವಾ" ಅಂದರು. "ಹಡಗ ಯಾವಾಗ ಬಿಡತದೋ ಗೊತ್ತಿಲ್ಲ. ಹತ್ತಿದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ. ಈಗ ನೀ ಹೇಳೂದರಿಂದ ಅವಗ ಉಪಯೋಗ ಆಗದ ಇರಬಹುದು, ನಿನಗ ಕೇಡಂತೂ ಆಗತದ. ಆದ್ರೂ ಬರಕೊಳ್ಳಲೇನು?"

ಬರಕೊಳ್ರಿ ಅಂದೆ. ಅವರು ಕಾಗದ ತರಲು ಹೋದರು. ಪೋಸ್ಟಮಾಸ್ತರರು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹೂಂ, ಹೇಳವಾ ಎಂದು ದನಿ ಬಂತು. ನನ್ನ ಹೆಸರು, ಗಂಡನ ಹೆಸರು, ಊರು ಹೇಳಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಪ್ರಭುಲಿಂಗಪ್ಪ. ಆಮೇಲೆ ಸಾವಕಾಶವಾಗಿ, ಅವರು ಬರೆದುಕೊಳ್ಳಲು ಆಗುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದೆ.

"ದಾವಲಸಾಬ ಅನ್ನಾವ ಖಾತುನಬಿಯ ಹೊಟ್ಟ್ಯಾಗ ಹುಟ್ಟಿದ ಮಗ. ಅಲ್ಲಂತ ಬರದಾಕಿ ನಾನು."